ಆರಿಸಿದ ಕಂಪ್ಯೂಟರನ್ನು ದೂರದಿಂದ ಎಬ್ಬಿಸುವುದು ಹೇಗೆ?



ನಮ್ಮ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಈಗ ಪುಸ್ತಕದಲ್ಲಿ ಮಾತ್ರವಲ್ಲ, ಎಷ್ಟೋ ಕಡೆ ಒಕ್ಕೂಟದ ಕಂಪ್ಯೂಟರಿನಲ್ಲೂ ಇರುತ್ತದೆ. ಆ ಕಂಪ್ಯೂಟರು ಒಳಕೋಣೆಯಲ್ಲಿದೆ, ಕೋಣೆಗೆ ಬೀಗ, ಬೀಗದ ಕೈ ರಜೆ ಹಾಕಿದವರ ಹತ್ತಿರ ಅಂತ ಇಟ್ಟುಕೊಳ್ಳಿ. ಸಾಲದ ಬಾಕಿ ಕೇಳಲು ಬಂದ ಸದಸ್ಯೆ ಒಂದು ದಿನದ ಕೂಲಿ ಬಿಟ್ಟು ಬಂದು ಬರಿಗೈಲಿ ಹೋಗಬೇಕಾಗುತ್ತದೆ.

ಇದೇ ಕಾರಣಕ್ಕೆ ಕೆಲವರು ಕಂಪ್ಯೂಟರನ್ನು ಆರಿಸುವುದೇ ಇಲ್ಲ. ಅದು 60 ವ್ಯಾಟ್ ಎಳೆಯುತ್ತದೆ ಅಂದುಕೊಂಡರೆ, ಕಚೇರಿ ಮುಚ್ಚಿರುವ 15 ಗಂಟೆಗೆ 0.9 ಯೂನಿಟ್, ತಿಂಗಳಿಗೆ 27 ಯೂನಿಟ್. ಆ ಬಿಲ್ಲು ಕಟ್ಟುವುದು ನಮ್ಮೆಲ್ಲರ ದುಡ್ಡಿನಿಂದಲೇ ಅಲ್ಲವೇ?

ಇದಕ್ಕೊಂದು ಉಪಾಯವಿದೆ. ಹೊರಗಿನ ಹಾಲಿನ ಕಂಪ್ಯೂಟರಿನಿಂದಲೇ ಒಳಗಿನದನ್ನು ಎಬ್ಬಿಸಬಹುದು. ಇದಕ್ಕೆ 'ವೇಕ್ ಆನ್ ಲ್ಯಾನ್' ಎನ್ನುತ್ತಾರೆ. 1990ರ ದಶಕದಿಂದಲೂ ಇರುವ ಈ ಸೌಲಭ್ಯಕ್ಕೆ ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ.

ಆರಿಸಿದ್ದಕ್ಕೆ ಕೇಳಿಸುವುದು ಹೇಗೆ?

ರಾತ್ರಿ ಒಲೆ ಆರಿಸಿದರೂ ಬೂದಿಯಡಿ ಒಂದು ಕೆಂಡ ಉಳಿಸುತ್ತಿದ್ದೆವಲ್ಲ, ಇದೂ ಹಾಗೇ. ಕಂಪ್ಯೂಟರು ಆರಿದರೂ ಕೇಬಲ್ ಸೇರುವ ನೆಟ್‌ವರ್ಕ್ ಕಾರ್ಡಿಗೆ ಸ್ವಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಪ್ರತಿ ಕಾರ್ಡಿಗೂ 12 ಅಂಕೆ-ಅಕ್ಷರಗಳ ಒಂದು ಗುರುತು ಇದೆ, ಅದೇ ಮ್ಯಾಕ್ ವಿಳಾಸ. ಹಾಲಿನ ಕಂಪ್ಯೂಟರು ಈ ವಿಳಾಸವನ್ನು 16 ಸಲ ಬರೆದ ಪುಟ್ಟ ಸಂದೇಶವನ್ನು ಎಲ್ಲ ಕಡೆಗೂ ಕಳಿಸುತ್ತದೆ. ಹೆಸರು 'ಮ್ಯಾಜಿಕ್ ಪ್ಯಾಕೆಟ್', ತೂಕ ಬರೀ 102 ಬೈಟ್. ತನ್ನ ವಿಳಾಸ ಕೇಳಿದ ಕಾರ್ಡು ಮಾತ್ರ ತನ್ನ ಕಂಪ್ಯೂಟರನ್ನು ಎಬ್ಬಿಸುತ್ತದೆ, ಉಳಿದವು ಸುಮ್ಮನಿರುತ್ತವೆ.

ಮೆಕ್ಯಾನಿಕ್ ಬಂದಾಗ ಇವನ್ನು ಕೇಳಿ

1. ಬಯೋಸ್ ಮತ್ತು ವಿಂಡೋಸ್, ಎರಡರಲ್ಲೂ ಇದನ್ನು ಆನ್ ಮಾಡಿದ್ದೀರಾ? ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಅಡ್ಡ ಬರುವುದುಂಟು, ಅದನ್ನು ಆಫ್ ಮಾಡಿಸಿ.
2. ಕೇಬಲ್ ಹಾಕಿದ್ದೀರಾ? ವೈಫೈಯಲ್ಲಿ ಇದು ಸಾಮಾನ್ಯವಾಗಿ ನಡೆಯುವುದಿಲ್ಲ.
3. ಲೆಕ್ಕದ ಫೈಲನ್ನು ಹಾಲಿನಿಂದ ನೋಡುವ ವ್ಯವಸ್ಥೆ ಆಗಿದೆಯಾ? ಅದಿಲ್ಲದಿದ್ದರೆ ಎಬ್ಬಿಸಿ ಪ್ರಯೋಜನವಿಲ್ಲ.

ಗೋಡೆಯ ಸ್ವಿಚ್ ಆರಿಸಿದರೆ ಅಥವಾ ಕರೆಂಟ್ ಹೋದರೆ ಕೆಂಡವೂ ಆರಿದಂತೆ, ಆಗ ಎಷ್ಟು ಕರೆದರೂ ಏಳದು. ಆದರೂ ಗುಡುಗು ಸಿಡಿಲಿನ ದಿನ ಪ್ಲಗ್ಗು, ಕೇಬಲ್ಲು ಎರಡನ್ನೂ ಕಿತ್ತಿಡಿ. ಕಂಪ್ಯೂಟರು ಉಳಿಯುವುದು ಮುಖ್ಯ.

ಎಬ್ಬಿಸುವುದು ಬೇರೆ, ಬೀಗ ತೆಗೆಯುವುದು ಬೇರೆ

ಈ ಸಂದೇಶ ಯಾರು ಕಳಿಸಿದರು ಎಂದು ಕಾರ್ಡು ವಿಚಾರಿಸುವುದಿಲ್ಲ. ಅದೇ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಕಳಿಸಬಹುದು. ಆದ್ದರಿಂದ ಲೆಕ್ಕಕ್ಕೆ ನಿಜವಾದ ಕಾವಲು ಪಾಸ್‌ವರ್ಡ್. ಅದನ್ನು ಗೋಡೆಗೆ ಅಂಟಿಸಬೇಡಿ, ಒಬ್ಬರ ತಲೆಯಲ್ಲಿ ಮಾತ್ರ ಇರಲೂ ಬಿಡಬೇಡಿ. ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮನೆಯಿಂದಲೂ ಎಬ್ಬಿಸುವಂತೆ ಮಾಡಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಅವಸರ ಬೇಡ. ಇಂಟರ್ನೆಟ್ಟಿಗೆ ಬಾಗಿಲು ತೆರೆದರೆ ಅಪರಿಚಿತರೂ ಬಂದು ತಟ್ಟಬಹುದು.

ತಾಂತ್ರಿಕ ಕೆಲಸ ಮೆಕ್ಯಾನಿಕ್ ಮಾಡಲಿ. ಆದರೆ ನಮ್ಮ ಲೆಕ್ಕ ಯಾರ ಕೈಯಲ್ಲಿರಬೇಕು ಎಂದು ತೀರ್ಮಾನಿಸಬೇಕಾದವರು ನಾವೇ. ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯ ಎತ್ತಿ.