ಹೆಗ್ಗಣ ಬಿಟ್ಟುಹೋಗುವ ಜ್ವರ

ಅಂಗಡಿ ಬಾಗಿಲು ಹಾಕಿದ ಮೇಲೆ ಗೋಡೌನಿನಲ್ಲಿ ಯಾರ ರಾಜ್ಯಭಾರ ಸ್ವಾಮಿ? ಹೆಗ್ಗಣದ್ದು. ಅಕ್ಕಿ ಮೂಟೆ ಕೊರೆದ ನಷ್ಟ ಲೆಕ್ಕಕ್ಕೆ ಸಿಗುತ್ತೆ, ಉಚ್ಚೆ ಹೊಯ್ದು ಹೋದದ್ದು ಸಿಗೋದಿಲ್ಲ.

ಇಲಿ ಜ್ವರ ಅಂತಾರಲ್ಲ, ಡಾಕ್ಟರುಗಳ ಲೆಪ್ಟೊಸ್ಪೈರೋಸಿಸ್, ಅದರ ರೋಗಾಣು ಇಲಿ-ಹೆಗ್ಗಣಗಳ ಮೂತ್ರಪಿಂಡದಲ್ಲಿ ಬಿಡಾರ ಹೂಡಿರುತ್ತದೆ. ಹೆಗ್ಗಣ ಮಾತ್ರ ಗುಂಡುಕಲ್ಲಿನ ಹಾಗಿರುತ್ತೆ! ಮೂತ್ರದ ಜತೆ ಹೊರಬಿದ್ದ ರೋಗಾಣು ಒದ್ದೆ ಮಣ್ಣು, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಮಳೆಗಾಲದಲ್ಲಿ ಚರಂಡಿ ಉಕ್ಕಿ ಬಸ್ ಸ್ಟ್ಯಾಂಡು ಕೆರೆಯಾದಾಗ ನಾವು ಹವಾಯಿ ಚಪ್ಪಲಿಯಲ್ಲೇ ದಾಟುತ್ತೇವೆ. ಕಾಲಲ್ಲೊಂದು ಗಾಯ, ಒಡೆದ ಹಿಮ್ಮಡಿ ಇದ್ದರೆ ಸಾಕು. ಇಲಿ ಕಚ್ಚಬೇಕಾಗಿಯೇ ಇಲ್ಲ.

ಒಂದೆರಡು ವಾರದಲ್ಲಿ ಚಳಿಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ನಮ್ಮ ಜನ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮತ್ತೆ ಗಲ್ಲಾದ ಮುಂದೆ ಕೂರುತ್ತಾರೆ. ಕಣ್ಣು ಹಳದಿಯಾದರೆ ಕಾಮಾಲೆ ಅಂತ ಸೊಪ್ಪಿನ ರಸ. ಅಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿರಬಹುದು.

ಜರ್ಮನಿಯ ಡಾಕ್ಟರ್ ವೈಲ್ 1886ರಲ್ಲೇ ಈ ಕಾಯಿಲೆ ವಿವರಿಸಿದ್ದರು. ಬೇಗ ಹೋದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಥರದ ಹಳೇ ಔಷಧಿಗೇ ಬಗ್ಗುತ್ತದೆ. ಜ್ವರ ಬಂದಾಗ ಡಾಕ್ಟರಿಗೆ, “ಚರಂಡಿ ನೀರು ತುಳಿದಿದ್ದೆ, ಗೋಡೌನಲ್ಲಿ ಹೆಗ್ಗಣ ಇದೆ” ಅಂತ ಹೇಳಿಬಿಡಿ. ಅವರು ಕೇಳದಿದ್ದರೂ ಹೇಳಿ.