ವರ್ತಕರ ಗಣಕಯಂತ್ರ: ಕೊಳ್ಳುವ ಮುನ್ನ ಕೇಳಬೇಕಾದ ಎರಡು ಪ್ರಶ್ನೆಗಳು

ಲೆಕ್ಕ ಪರಿಶೋಧನೆ ನನ್ನ ವೃತ್ತಿ. ಗಣಕಯಂತ್ರ ನನ್ನ ಹವ್ಯಾಸ. ಇವೆರಡನ್ನೂ ಬಲ್ಲ ವರ್ತಕ ಬಾಂಧವರು ಭೇಟಿಯಾದಾಗಲೆಲ್ಲ ಒಂದಿಲ್ಲೊಂದು ಪ್ರಶ್ನೆ ಕೇಳುವುದುಂಟು. ಅಂಗಡಿಗೆ ಯಾವ ಕಂಪ್ಯೂಟರ್ ಒಳ್ಳೆಯದು? ಯಾವ ತಂತ್ರಾಂಶದಲ್ಲಿ ಲೆಕ್ಕ ಬರೆಯಬೇಕು? ಮೊಬೈಲಿನಲ್ಲೇ ಬಿಲ್ಲು ಮಾಡಿದರೆ ಸಾಲದೆ? ಇಂತಹ ಪ್ರಶ್ನೆಗಳ ಉತ್ತರ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬದಲಾಗದೆ ಉಳಿಯುವ ಪ್ರಶ್ನೆಗಳು ಎರಡು. ನಮ್ಮ ಲೆಕ್ಕದ ಎರಡನೆಯ ಪ್ರತಿ ಎಲ್ಲಿದೆ? ಈ ತಂತ್ರಾಂಶವನ್ನು ನಾಳೆ ಬಿಡಬೇಕಾಗಿ ಬಂದರೆ, ಅದರೊಳಗಿನ ಲೆಕ್ಕವನ್ನು ಓದಲು ಬರುವ ರೂಪದಲ್ಲಿ ಹೊರತೆಗೆಯಬಹುದೆ? ಇವೆರಡಕ್ಕೆ ತೃಪ್ತಿಕರ ಉತ್ತರ ದೊರೆತರೆ ಉಳಿದುದೆಲ್ಲ ರುಚಿಯ ಹಾಗೂ ಜೇಬಿನ ವಿಷಯ.

ಸಂಗಮದ ಊರಿನ ಪಾಠ

ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮವು ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಸಮೀಪದಲ್ಲಿದೆ. ದಿಗಂಬರ ಜೈನ ಪರಂಪರೆಯ ಆಚಾರ್ಯ ಶಾಂತಿಸಾಗರ ಮಹಾರಾಜರ ಊರೆಂದು ದೇಶದಾದ್ಯಂತ ಹೆಸರಾಗಿರುವ ಈ ಗ್ರಾಮದ ಸುತ್ತಲಿನವರಿಗೆ ಮಳೆಗಾಲವೆಂದರೆ ಎರಡೂ ನದಿಗಳ ಮೇಲೆ ಕಣ್ಣಿಟ್ಟಿರುವ ಕಾಲ. ಕೊಲ್ಲಾಪುರ ಜಿಲ್ಲೆಯ ಘಟ್ಟ ಪ್ರದೇಶದಲ್ಲಿ ಮಳೆ ಹೆಚ್ಚಿದರೆ ಕಾರದಗಾ-ಭೋಜ ಮತ್ತು ಭೋಜವಾಡಿ-ಕುನ್ನೂರ ಕೆಳಮಟ್ಟದ ಸೇತುವೆಗಳು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಮತ್ತು 2021ರ ಜುಲೈ ತಿಂಗಳಲ್ಲಿ ವೇದಗಂಗೆಯ ನೀರು ಯಮಗರಣಿಯ ಬಳಿ ರಾಷ್ಟ್ರೀಯ ಹೆದ್ದಾರಿಯನ್ನೇ ಆವರಿಸಿ, ಪುಣೆ-ಬೆಂಗಳೂರು ಸಂಚಾರ ನಿಂತುಹೋಗಿತ್ತು.

2019ರ ಆ ಮಹಾಪೂರದಲ್ಲಿ, ನಾನು ಲೆಕ್ಕ ನೋಡುವ ಈ ಭಾಗದ ಒಂದು ಅಂಗಡಿಗೆ ನೀರು ನುಗ್ಗಿತು. ನೀರಾವರಿ ಪೈಪು, ಪಂಪುಸೆಟ್ಟಿನ ಬಿಡಿಭಾಗಗಳ ವ್ಯಾಪಾರ. ನದಿ ಇಳಿದ ಮೇಲೆ ಮಾಲೀಕರು ಬಂದು ಕುಳಿತು ಹೇಳಿದ್ದು ಇಷ್ಟು: "ಸಾಹೇಬ್ರ, ನೀವು ಹೇಳಿದಂಗ ದಿನಾ ಸಂಜೀಕ ಪೆನ್‌ಡ್ರೈವ್‌ನ್ಯಾಗ ಕಾಪಿ ತಗೀತಿದ್ದೆನ್ರಿ." ಪೆನ್‌ಡ್ರೈವ್ ಎಲ್ಲಿತ್ತೆಂದು ಕೇಳಿದೆ. ಕಂಪ್ಯೂಟರ್ ಇಟ್ಟಿದ್ದ ಮೇಜಿನ ಕೆಳಗಿನ ಖಾನೆಯಲ್ಲಿತ್ತು. ಮೇಜು, ಯಂತ್ರ, ಪೆನ್‌ಡ್ರೈವ್ ಮೂರೂ ಒಂದೇ ನೀರಿನಲ್ಲಿ ಮುಳುಗಿದ್ದವು. ಯಂತ್ರವನ್ನೂ ಪೆನ್‌ಡ್ರೈವನ್ನೂ ಒಣಗಿಸಿ ದುರಸ್ತಿಗೆ ಕೊಟ್ಟೆವು. ಎರಡರಿಂದಲೂ ಏನೂ ಹೊರಬರಲಿಲ್ಲ. ಗಣಕಯಂತ್ರ ಬರುವುದಕ್ಕೂ ಮುನ್ನ ಕೈಯಿಂದ ಬರೆದಿದ್ದ ಹಳೆಯ ಕೀರ್ದಿ, ಖಾತೆ ವಹಿಗಳು ಅಟ್ಟದ ಮೇಲೆ ಒಣಗಿಯೇ ಇದ್ದವು.

ಪ್ರತಿ ತೆಗೆಯಿರಿ ಎಂದು ಸಲಹೆ ಕೊಟ್ಟವನು ನಾನು. ಆ ಪ್ರತಿ ಎಲ್ಲಿರುತ್ತದೆ ಎಂದು ಒಮ್ಮೆಯೂ ಕೇಳದಿದ್ದವನೂ ನಾನೇ. ಈ ಲೇಖನಕ್ಕೆ ಕಾರಣ ಆ ತಪ್ಪು.

ಮರಳಿ ಬಂದ ಲೆಕ್ಕ, ಬಾರದ ಲೆಕ್ಕ

ಮುಂದಿನ ತಿಂಗಳುಗಳಲ್ಲಿ ಲೆಕ್ಕವನ್ನು ಮತ್ತೆ ಕಟ್ಟಲು ಕುಳಿತಾಗ ಒಂದು ಸಂಗತಿ ಸ್ಪಷ್ಟವಾಯಿತು. ನಮ್ಮ ಲೆಕ್ಕದ ಬಹುಭಾಗ ಬೇರೆಯವರ ಬಳಿಯೂ ಇರುತ್ತದೆ. ಖರೀದಿಯ ವಿವರಗಳು ಜಿಎಸ್‌ಟಿ ಜಾಲತಾಣದ 2ಎ ನಮೂನೆಯಲ್ಲಿ ದೊರೆತವು. ಬ್ಯಾಂಕಿನ ವ್ಯವಹಾರ ಬ್ಯಾಂಕಿನಿಂದ ಬಂದಿತು. ಸರಬರಾಜುದಾರರು ತಮ್ಮ ಪುಸ್ತಕದಲ್ಲಿರುವ ಖಾತೆಯ ಉತಾರೆ ಕಳುಹಿಸಿದರು. ಮಾರಾಟದ ಒಟ್ಟು ಮೊತ್ತ ನಾವೇ ಸಲ್ಲಿಸಿದ್ದ ನಮೂನೆಗಳಲ್ಲಿತ್ತು.

ಬಾರದೆ ಉಳಿದದ್ದು ಉದ್ರಿ. ನೋಂದಣಿ ಇಲ್ಲದ ಗ್ರಾಹಕರಿಗೆ ಮಾಡಿದ ಸಾಮಾನ್ಯ ಚಿಲ್ಲರೆ ಮಾರಾಟವನ್ನು ಜಿಎಸ್‌ಟಿಆರ್-1ರಲ್ಲಿ ತೆರಿಗೆಯ ದರಕ್ಕೆ ಅನುಸಾರವಾಗಿ ಒಟ್ಟುಗೂಡಿಸಿ ತೋರಿಸಲಾಗುತ್ತದೆ. ಅಲ್ಲಿ ರೈತನ ಹೆಸರಿರುವುದಿಲ್ಲ. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇನೆಂದು ಪೈಪು ಒಯ್ದವನ ಹೆಸರು, ಬಾಕಿ, ವಾಯಿದೆ ಇವು ಜಗತ್ತಿನಲ್ಲಿ ಇದ್ದುದು ಆ ಒಂದು ಯಂತ್ರದಲ್ಲಿ ಮಾತ್ರ. ಮಾಲೀಕರು ನೋಟ್‌ಬುಕ್ ಹಿಡಿದು ನೆನಪಿನಿಂದ ಹೆಸರು ಬರೆದರು, ಊರೂರು ತಿರುಗಿದರು. ಬಹಳಷ್ಟು ರೈತರು ತಾವಾಗಿಯೇ ಬಾಕಿ ಹೇಳಿದರು. ಕೆಲವರಿಗೆ ನೆನಪಿರಲಿಲ್ಲ. ಕೆಲವರು ತೋರಿಸಿದ ಥರ್ಮಲ್ ಕಾಗದದ ಬಿಲ್ಲಿನಲ್ಲಿ ಅಕ್ಷರವೇ ಉಳಿದಿರಲಿಲ್ಲ. ಇನ್ನು ಕೆಲವರ ಮನೆಯೇ ಬಿದ್ದಿತ್ತು. ಅಲ್ಲಿ ಬಾಕಿ ಕೇಳಲು ಇವರಿಗೆ ಬಾಯಿ ಬರಲಿಲ್ಲ.

ಆದುದರಿಂದ ಪ್ರತಿಯೊಬ್ಬ ವರ್ತಕನೂ ಒಂದು ಕಾಗದದ ಮೇಲೆ ಎರಡು ಪಟ್ಟಿ ಮಾಡುವುದು ಒಳಿತು. ಹೊರಗಿನಿಂದ ಮರಳಿ ಪಡೆಯಬಹುದಾದ ಲೆಕ್ಕ ಯಾವುದು, ನಮ್ಮಲ್ಲಿ ಮಾತ್ರ ಇರುವ ಲೆಕ್ಕ ಯಾವುದು? ಉದ್ರಿ, ದಾಸ್ತಾನು, ಕೈಸಾಲ, ಆಳುಗಳಿಗೆ ಕೊಟ್ಟ ಮುಂಗಡ ಇವೆಲ್ಲ ಎರಡನೆಯ ಪಟ್ಟಿಗೆ ಸೇರುತ್ತವೆ. ಕಾಳಜಿ ಹೆಚ್ಚು ಬೇಕಾದುದು ಅಲ್ಲಿಯೇ.

ತಂತ್ರಾಂಶದ ಆಯ್ಕೆ

ನಮ್ಮ ರಾಜ್ಯಕ್ಕೆ ಲೆಕ್ಕದ ತಂತ್ರಾಂಶದ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯವಹಾರಕ್ಕೆ ಒಪ್ಪುವ ತಂತ್ರಾಂಶ ದೊರೆಯದೆ, ಮಗ ಭರತ್ ಗೋಯೆಂಕಾ ಅವರಿಗೇ ಅದನ್ನು ಬರೆಯಲು ಹೇಳಿದರು. 1986ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಿಂದ ಆರಂಭವಾದ ಆ ಕೆಲಸವೇ ಇಂದಿನ ಟ್ಯಾಲಿ. 2009ರಲ್ಲಿ ಅದರ ಇಆರ್‌ಪಿ 9 ಆವೃತ್ತಿ, 2020ರಲ್ಲಿ ಟ್ಯಾಲಿ ಪ್ರೈಮ್ ಬಂದವು.

ಅದರ ಜೊತೆಗೆ ಸ್ಥಳೀಯ ತರುಣರು ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ ಸಣ್ಣ ತಂತ್ರಾಂಶಗಳೂ ಅನೇಕ ಅಂಗಡಿಗಳಲ್ಲಿ, ಸಹಕಾರಿ ಸಂಘಗಳಲ್ಲಿ ವರ್ಷಗಟ್ಟಲೆ ನಡೆದವು. ಫಾಕ್ಸ್‌ಪ್ರೋದ ಕೊನೆಯ ಆವೃತ್ತಿ ಬಂದದ್ದು 2004ರಲ್ಲಿ. ಅದರ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. ಬರೆದುಕೊಟ್ಟವರು ಬೇರೆ ಊರಿಗೆ ಹೋದರು. ಆದರೂ ಆ ಲೆಕ್ಕಗಳು ಪೂರ್ತಿ ನಷ್ಟವಾಗಲಿಲ್ಲ. ಫಾಕ್ಸ್‌ಪ್ರೋ ಬಳಸುವ ಡಿಬಿಎಫ್ ಕಡತದ ರಚನೆ ಎಲ್ಲರಿಗೂ ತಿಳಿದದ್ದು. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನಲ್ಲಿ ಅದನ್ನು ಇಂದಿಗೂ ತೆರೆಯಬಹುದು. ಅದೇ ಕಾಲದ, ತನ್ನದೇ ಗುಪ್ತ ರಚನೆಯ ಕಡತದಲ್ಲಿ ಲೆಕ್ಕವಿಟ್ಟ ಒಂದು ತಂತ್ರಾಂಶವನ್ನೂ ನಾನು ಕಂಡಿದ್ದೇನೆ. ಅದರ ಪರವಾನಗಿ ಮುಗಿದ ದಿನವೇ ಗಿರಾಕಿಯ ಐದು ವರ್ಷಗಳ ಲೆಕ್ಕಕ್ಕೆ ಬೀಗ ಬಿತ್ತು.

ತಂತ್ರಾಂಶ ಮಾರುವವರು ಬಣ್ಣಬಣ್ಣದ ವರದಿಗಳನ್ನು ತೋರಿಸುವಾಗ ಅವರಲ್ಲಿ ಒಂದೇ ಕೋರಿಕೆ ಇಡಿ: "ಒಬ್ಬ ಗಿರಾಕಿಯ ಪೂರ್ತಿ ಖಾತೆಯನ್ನು ಎಕ್ಸೆಲ್ ಕಡತವಾಗಿ ಹೊರತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸಿ." ಮೊಬೈಲ್‌ನಲ್ಲಿ ಬಿಲ್ಲು ಮಾಡುವ ಆ್ಯಪ್‌ಗಳಿಗೂ ಇದೇ ಪರೀಕ್ಷೆ. ಅಲ್ಲಿ ಲೆಕ್ಕ ಇರುವುದು ನಮ್ಮ ಕೈಯಲ್ಲಿರುವ ಫೋನಿನಲ್ಲೋ ಅಥವಾ ಆ ಸಂಸ್ಥೆಯ ಸರ್ವರ್‌ನಲ್ಲೋ ಎಂಬುದನ್ನೂ ಕೇಳಿ ತಿಳಿಯಬೇಕು. ಇನ್ನು ಕದ್ದ ಪ್ರತಿಯ ಮಾತು. ಕಾಯ್ದೆಯ ಅಪರಾಧ ಹಾಗಿರಲಿ, ತೆರಿಗೆಯ ನಿಯಮ ಬದಲಾದಾಗ ಅದಕ್ಕೆ ಪರಿಷ್ಕರಣೆ ಬರುವುದಿಲ್ಲ, ಕೈಕೊಟ್ಟಾಗ ಕೇಳುವವರಿಲ್ಲ.

ಅಕ್ಷರದ ತೊಡಕು

ಗಡಿಭಾಗದ ನಮಗೆ ಇನ್ನೊಂದು ವಿಷಯವಿದೆ. ನಮ್ಮ ಗಿರಾಕಿಗಳಲ್ಲಿ ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ಪತ್ರ ಬಯಸುತ್ತಾರೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ ಕನ್ನಡದಲ್ಲಿ ಬೆರಳಚ್ಚು ಮಾಡುವುದು ಸುಲಭವಾಯಿತು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಮನೆಮಾತಾಯಿತು. ಆದರೆ ಆಗಿನ ಬರವಣಿಗೆ ಬಹುಮಟ್ಟಿಗೆ ಆಯಾ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದುದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ.

ಯೂನಿಕೋಡ್ ಶಿಷ್ಟತೆಯಲ್ಲಿ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನೊಡನೆ ಯೂನಿಕೋಡ್ ಕನ್ನಡ ಬಂದಿತು. ಒಂದೇ ಕಡತದಲ್ಲಿ ಕನ್ನಡದ ಹೆಸರು, ಮರಾಠಿಯ ವಿಳಾಸ ಅಕ್ಕಪಕ್ಕದಲ್ಲಿ ಇರಬಲ್ಲವು. ಯಾವ ಫೋನಿನಲ್ಲಾದರೂ ತೆರೆದಾವು. ಹಳೆಯ ಕರಾರು, ಗಿರಾಕಿಗಳ ಪಟ್ಟಿ, ಸಂಘದ ನಡಾವಳಿಗಳು ಹಳೆಯ ಫಾಂಟಿನಲ್ಲಿದ್ದರೆ, ಪರಿವರ್ತಕ ತಂತ್ರಾಂಶ ದೊರೆಯುತ್ತಿರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳುವುದು ಜಾಣತನ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಬೇಕು.

ಸಾಧನಗಳ ಬಗೆಗೆ ನನ್ನ ಅಭಿಪ್ರಾಯ

ಹೊಸ ಸಾಧನ ಕಂಡರೆ ಕೈ ತುರಿಸುವ ಸ್ವಭಾವ ನನ್ನದು; ನನ್ನ ಕಪಾಟಿನಲ್ಲಿ 1.44 ಎಂಬಿಯ ಫ್ಲಾಪಿಗಳು ಇನ್ನೂ ಇವೆ, ಅವನ್ನು ಓದುವ ಯಂತ್ರ ಇಲ್ಲ. ಆ ಅನುಭವದಿಂದ ಹೇಳುವುದು:

ವಿದ್ಯುತ್ ಹೋಗಿ ಬರುವ ಊರಿನಲ್ಲಿ ಡೆಸ್ಕ್‌ಟಾಪ್ ಕೊಂಡರೆ ಯುಪಿಎಸ್ ಸೇರಿಸಿಯೇ ಬೆಲೆ ಲೆಕ್ಕ ಹಾಕಬೇಕು. ಅದರ ಬ್ಯಾಟರಿ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದ ಖರ್ಚು. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. ನೀರು ಏರಿದರೆ ಎತ್ತಿಕೊಂಡು ಹೋಗಲೂ ಬರುತ್ತದೆ. ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕವನ್ನು ಹಳೆಯದೆಂದು ಎಸೆಯಬೇಡಿ. ಒಂದೇ ಸಲಕ್ಕೆ ಮೂರು ಪ್ರತಿ ಕೊಡುವ ಮುದ್ರಕ ಅದೊಂದೇ. ಥರ್ಮಲ್ ಬಿಲ್ಲು ಗಿರಾಕಿಯ ಕೈಗೆ ಕೊಡಲು ಸರಿ, ಕಾಪಿಡಲು ಅಲ್ಲ. ಬಿಸಿಲು, ಬಿಸಿ ತಗುಲಿದರೆ ಅಕ್ಷರ ಮಾಸುತ್ತದೆ. ನಮಗೆ ಬಂದ ಖರೀದಿ ಬಿಲ್ಲು ಅಂತಹದ್ದಾದರೆ ಅಂದೇ ಅದರ ಜೆರಾಕ್ಸ್ ತೆಗೆಸಬೇಕು. ಪೆನ್‌ಡ್ರೈವ್ ಲೆಕ್ಕವನ್ನು ಸಾಗಿಸುವ ಸಾಧನ, ವರ್ಷಗಟ್ಟಲೆ ಕೂಡಿಡುವ ಪೆಟ್ಟಿಗೆಯಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವವರು ಈ ಸಂಗತಿಯನ್ನು ಗಮನಿಸಬೇಕು.

ಕಾಯ್ದೆ ಏನು ಹೇಳುತ್ತದೆ

ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ನಮೂನೆ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. 2024-25ನೇ ಸಾಲಿನ ಲೆಕ್ಕವನ್ನು 2031ರ ಡಿಸೆಂಬರ್ ಅಂತ್ಯದವರೆಗೆ ಎಂದು ತಿಳಿಯಬಹುದು. ಮೇಲ್ಮನವಿಯಂತಹ ಪ್ರಕರಣ ಬಾಕಿ ಇದ್ದರೆ ಅವಧಿ ಇನ್ನೂ ಹೆಚ್ಚಬಹುದು. ಜಿಎಸ್‌ಟಿ ನಿಯಮ 57 ನೇರವಾಗಿ ನಮ್ಮ ವಿಷಯಕ್ಕೇ ಬರುತ್ತದೆ. ಗಣಕೀಕೃತ ಲೆಕ್ಕವಿದ್ದಲ್ಲಿ, ಅಪಘಾತದಿಂದಾಗಲಿ ನೈಸರ್ಗಿಕ ಕಾರಣದಿಂದಾಗಲಿ ಅದು ನಾಶವಾದರೂ ಸೂಕ್ತ ಸಮಯದೊಳಗೆ ಮರಳಿ ಪಡೆಯುವಂತೆ ಪ್ರತಿ ಇಟ್ಟಿರಬೇಕು. ಅಧಿಕಾರಿಗಳು ಕೇಳಿದಾಗ ಮುದ್ರಿತ ಅಥವಾ ಓದಬಲ್ಲ ವಿದ್ಯುನ್ಮಾನ ರೂಪದಲ್ಲಿ ಒದಗಿಸಬೇಕು. ಹೊಳೆ ಬಂದಿತ್ತು ಎಂಬುದೊಂದೇ ಉತ್ತರವಾಗದು.

ಕಂಪನಿಗಳಿಗೆ ನಿಯಮ ಇನ್ನೂ ಬಿಗಿ. ಎಂಟು ಆರ್ಥಿಕ ವರ್ಷಗಳ ಲೆಕ್ಕ ಇರಬೇಕು. ಭಾರತದಲ್ಲಿರುವ ಸರ್ವರ್‌ನಲ್ಲಿ ದಿನನಿತ್ಯ ಪ್ರತಿ ಇಡಬೇಕು. ಯಾವ ನಮೂದನ್ನು ಯಾವಾಗ ತಿದ್ದಲಾಯಿತೆಂದು ದಾಖಲಿಸುವ ತಂತ್ರಾಂಶವನ್ನೇ 2023ರ ಏಪ್ರಿಲ್ 1ರಿಂದ ಬಳಸಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮು ವಿದ್ಯುನ್ಮಾನ ದಾಖಲೆಯನ್ನು ಒಪ್ಪುತ್ತದೆ. ಮುಂದೆಯೂ ಅದನ್ನು ತೆರೆದು ನೋಡಲು ಬರುವಂತಿರಬೇಕೆಂಬುದು ಅದರ ಷರತ್ತುಗಳಲ್ಲಿ ಒಂದು. ನನ್ನ ಕಪಾಟಿನ ಫ್ಲಾಪಿಗಳು ಆ ಷರತ್ತಿನಲ್ಲಿ ತೇರ್ಗಡೆಯಾಗವು.

ಪಾಲಿಸಬಹುದಾದ ಕ್ರಮ

1. ಪ್ರತಿದಿನ ಅಂಗಡಿ ಮುಚ್ಚುವಾಗ ಒಂದು ಪ್ರತಿ; ಅದು ಮಾಲೀಕರೊಡನೆ ಮನೆಗೆ ಹೋಗಬೇಕು.

2. ವಾರಕ್ಕೊಮ್ಮೆ ಒಂದು ಪ್ರತಿ ನದಿಯ ನೀರು ಮುಟ್ಟದ ಊರಿನಲ್ಲಿ ಇರಬೇಕು. ಅಂತರಜಾಲದ ಸಂಗ್ರಹವಾದರೂ ಸರಿ, ನಿಪ್ಪಾಣಿಯಲ್ಲೋ ಬೆಳಗಾವಿಯಲ್ಲೋ ಇರುವ ಬೀಗರ ಮನೆಯಾದರೂ ಸರಿ.

3. ತಿಂಗಳಿಗೊಮ್ಮೆ ಉದ್ರಿಯ ಪಟ್ಟಿಯನ್ನು ಮುದ್ರಿಸಿ ಸಹಿ ಮಾಡಿ ಮೇಲೆ ಎತ್ತಿಡಿ. ಹತ್ತಿಪ್ಪತ್ತು ಹಾಳೆಯ ಖರ್ಚು ಅಷ್ಟೆ.

4. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬೇಡಿ.

5. ಗುಪ್ತಪದ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಅದನ್ನು ಬರೆದು, ಲಕೋಟೆಯಲ್ಲಿ ಮುಚ್ಚಿ ಮನೆಯವರ ವಶದಲ್ಲಿಡಿ. ಯಜಮಾನರು ತೀರಿಕೊಂಡ ಹದಿನೈದು ದಿನಕ್ಕೆ, ಕೊಡಬೇಕಾದವರೆಲ್ಲ ಸುಮ್ಮನಿದ್ದು ಬರಬೇಕಾದವರು ಮಾತ್ರ ಬಾಗಿಲಿಗೆ ಬಂದ ಮನೆಯನ್ನು ನಾನು ನೋಡಿದ್ದೇನೆ. ಲೆಕ್ಕ ಯಂತ್ರದಲ್ಲಿತ್ತು, ತೆರೆಯುವವರು ಇರಲಿಲ್ಲ.

ಪೈಪಿನ ಅಂಗಡಿಯವರು ವ್ಯಾಪಾರ ಬಿಡಲಿಲ್ಲ. 2021ರ ಜುಲೈನಲ್ಲಿ ಮತ್ತೆ ನೀರು ಬಂದಾಗ ಅವರ ಲೆಕ್ಕ ಮೂರು ಕಡೆ ಇತ್ತು. ಮಾಲು ಕೆಟ್ಟಿತು, ಉದ್ರಿ ಕೆಡಲಿಲ್ಲ. ಅಂದಿನಿಂದ ನಾನೂ ಲೆಕ್ಕ ಪರಿಶೋಧನೆಗೆ ಹೋದಲ್ಲೆಲ್ಲ, "ಪ್ರತಿ ತೆಗೆಯುತ್ತೀರಾ?" ಎಂದು ಕೇಳುವುದನ್ನು ಬಿಟ್ಟು, "ಪ್ರತಿ ತೋರಿಸಿ" ಎನ್ನುತ್ತೇನೆ. ಸದಸ್ಯ ಬಾಂಧವರು ಮೃಗಶಿರಾ ಮಳೆ ಹಿಡಿಯುವ ಮುನ್ನ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಬೇಕೆಂದು ವಿನಂತಿ.