ಚೀಟಿ ಎತ್ತಿ, ಬಸ್ ಹತ್ತಿ

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಕಬಿನಿ ಹಿನ್ನೀರು, ನಾಗರಹೊಳೆ ಸಫಾರಿ, ಹೊಳೆ ತುಂಬಿದಾಗ ಚುಂಚನಕಟ್ಟೆಯ ಜಲಪಾತ. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಗೆ ಬರುವವರ ಪಟ್ಟಿ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. ಮಿರ್ಲೆಯಲ್ಲಿರುವ ನಾವೂ ನೆಂಟರು ಬಂದರೆ ಇಲ್ಲಿಗೇ ಕರೆದೊಯ್ಯುತ್ತೇವೆ. ನೋಡಬೇಕಾದ ಜಾಗಗಳೇ, ಸಂಶಯವಿಲ್ಲ. ಆದರೆ ಭಾನುವಾರ ಬಂತೆಂದರೆ ಎಲ್ಲರೂ ಈ ನಾಲ್ಕೇ ದಾರಿ ಹಿಡಿಯುವುದು, ನಡುವಿನ ನೂರಾರು ಊರುಗಳನ್ನು ಯಾರೂ ಇಳಿದು ನೋಡದಿರುವುದು ನನಗೆ ಬೇಸರದ ಸಂಗತಿ.

ಹೋಗುವ ಜಾಗವನ್ನು ನಾವು ಆರಿಸದೆ ಚೀಟಿಗೆ ಬಿಟ್ಟರೆ ಹೇಗೆ? ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಜೊಯೆಲ್ ಆನ್ರಿ 1990ರಲ್ಲಿ ಲಾಟೂರೆಕ್ಸ್ ಎಂಬ ಕೂಟ ಕಟ್ಟಿ ಇಂಥ ಪ್ರಯೋಗಗಳನ್ನೇ ಮಾಡಿದರು. ಊರಿನ ಬೀದಿಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಮೊದಲ ಬೀದಿಗೂ ಕೊನೆಯ ಬೀದಿಗೂ ನಕ್ಷೆಯಲ್ಲಿ ಗೆರೆ ಎಳೆದು, ಆ ಗೆರೆಯಗುಂಟ ನಡೆಯುವುದು ಅವುಗಳಲ್ಲೊಂದು. 2005ರಲ್ಲಿ ಲೋನ್ಲಿ ಪ್ಲಾನೆಟ್ ಇಂಥ ಪ್ರವಾಸಗಳಿಗೆಂದೇ ಒಂದು ಕೈಪಿಡಿ ಹೊರತಂದಿತು.

ನಮಗಿದು ಪರಕೀಯವೇನಲ್ಲ. ಹೆಣ್ಣು ತರುವುದಕ್ಕೂ ಬೋರ್ ಕೊರೆಸುವುದಕ್ಕೂ ದೇವರ ಮುಂದೆ ಹೂ ಕೇಳುವ ಜನ ನಾವು. ಬಲಗಡೆ ಬಿದ್ದರೆ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಅಂಥವರು ಒಂದು ಭಾನುವಾರವನ್ನು ಧೈರ್ಯವಾಗಿ ಚೀಟಿಗೆ ಒಪ್ಪಿಸಬಹುದು.

ಚೀಟಿಯಲ್ಲಿ ಪ್ರೇಕ್ಷಣೀಯ ಸ್ಥಳಗಳ ಹೆಸರು ಬರೆದರೆ ಮತ್ತೆ ಅದೇ ನಾಲ್ಕು ಮೇಲೇಳುತ್ತವೆ. ಹೋಬಳಿಗಳ ಹೆಸರು ಬರೆಯಿರಿ: ಬಿಳಿಕೆರೆ, ಗಾವಡಗೆರೆ, ಹನಗೋಡು, ಬೆಟ್ಟದಪುರ, ರಾವಂದೂರು, ಹಾರನಹಳ್ಳಿ, ಅಂತರಸಂತೆ, ಹಂಪಾಪುರ, ಸಾಲಿಗ್ರಾಮ. ಕಂದಾಯದ ಆಡಳಿತಕ್ಕೆಂದು ಮಾಡಿಕೊಂಡ ಈ ವಿಭಾಗಕ್ಕೆ ಹೆಸರಾದ ಊರು, ಹೆಸರಿಲ್ಲದ ಊರು ಎಂಬ ಭೇದವಿಲ್ಲ.

ಬಿಳಿಕೆರೆ ಬಂದರೆ ಗೊಮ್ಮಟಗಿರಿಯಿದೆ. ಶ್ರವಣಬೆಳಗೊಳದ ಜನಜಂಗುಳಿ ಇಲ್ಲಿಲ್ಲ. ಸಣ್ಣ ಬಂಡೆಗುಡ್ಡದ ಮೇಲಿನ ಬಾಹುಬಲಿಯ ಎದುರು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಹನಗೋಡಿನಲ್ಲಿ ಲಕ್ಷ್ಮಣತೀರ್ಥದ ಅಣೆಕಟ್ಟೆ. ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ. ಬೆಳಿಗ್ಗೆಯೇ ಹತ್ತಿಬಿಡಬೇಕು, ಬಿಸಿಲೇರಿದರೆ ಮೆಟ್ಟಿಲು ಕಾಲು ಸುಡುತ್ತವೆ.

ಹುಣಸೂರು, ಪಿರಿಯಾಪಟ್ಟಣದ ಯಾವ ಚೀಟಿಯೇ ಬರಲಿ, ಮಳೆಗಾಲದಲ್ಲಿ ಹೋದವರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ನೋಡದೆ ಬರಬಾರದು. ಕಿತ್ತ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಳಗೆ ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಹೊಗೆ ಸೊಪ್ಪಿಗೆ ತಾಗುವಂತಿಲ್ಲ, ಕಾವು ಮಾತ್ರ ತಾಗಬೇಕು. ಆ ಕಾವನ್ನು ದಿನದಿಂದ ದಿನಕ್ಕೆ ಅಳತೆಯಿಟ್ಟು ಏರಿಸುತ್ತ, ರಾತ್ರಿಯೆಲ್ಲ ಒಬ್ಬರು ಒಲೆಯ ಬಳಿ ಎಚ್ಚರವಿರುತ್ತಾರೆ. ಕಾವು ತಪ್ಪಿದರೆ ಬಣ್ಣ ಕೆಟ್ಟಿತು. ಬಣ್ಣ ಕೆಟ್ಟರೆ ದರ ಹೋಯಿತು. ಹೀಗೆ ಬೆಂದ ಸೊಪ್ಪು ಕಟ್ಟೆಮಳಲವಾಡಿಯಂಥ ಹರಾಜು ಮಾರುಕಟ್ಟೆ ಸೇರಿದಾಗ, ರೈತನ ವರ್ಷದ ದುಡಿಮೆಗೆ ಕಟ್ಟಿಟ್ಟ ಸೊಪ್ಪಿನ ಬೇಲಿನ ಮುಂದೆ ಕೆಲವೇ ಕ್ಷಣಗಳಲ್ಲಿ ಬೆಲೆ ಕಟ್ಟಲಾಗುತ್ತದೆ. ಈ ಸೀಮೆಯ ಮದುವೆ, ಮನೆ, ಸಾಲ ಎಲ್ಲವೂ ಆ ಬೆಲೆಗೆ ಅಂಟಿಕೊಂಡಿವೆ. ಇದನ್ನು ಕಾಣದೆ ಹುಣಸೂರು ಕಂಡೆವು ಎನ್ನುವುದು ಹೇಗೆ?

ಚೀಟಿಗೂ ಮಿತಿ ಹಾಕಬೇಕು. ಅಂತರಸಂತೆ ಬಂದರೆ ಮುಂದೆ ಕಾಡು. ಮಾನಂದವಾಡಿ ಕಡೆಯ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳು ಆ ಭಾಗದಲ್ಲಿವೆ. ಅವರ ಮನೆಗಳು ಪ್ರವಾಸಿಗರ ನೋಟಕ್ಕೆ ಇರುವಂಥವಲ್ಲ. ಕರೆಯದೆ, ಮೊಬೈಲ್ ಹಿಡಿದು ಅಲ್ಲಿಗೆ ನುಗ್ಗುವುದು ತಪ್ಪು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಚೀಟಿಗೆ ನಿಜವಾದ ಬೆಲೆ ಬಂದಿದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿದರೆ ರಾಜ್ಯದ ಹೆಣ್ಣುಮಕ್ಕಳಿಗೆ ಶೂನ್ಯ ದರದ ಟಿಕೆಟ್. ಮೊದಲ ವಾರಗಳಲ್ಲಿ ಬಸ್ಸುಗಳು ಧರ್ಮಸ್ಥಳ, ಕುಕ್ಕೆಯತ್ತ ತುಂಬಿ ಹರಿದವು, ಅದು ಸಹಜ. ಹರಕೆ ತೀರಿದ ಮೇಲೆ, ಹರಕೆಯಿಲ್ಲದ ಊರಿಗೂ ಹೋಗಲಿ ಎಂಬುದು ನನ್ನ ಆಸೆ. ಮದುವೆ, ಆಸ್ಪತ್ರೆ, ತವರು ಎಂಬ ಕಾರಣ ಹೇಳಿಯೇ ಹೊಸಿಲು ದಾಟುತ್ತಿದ್ದ ಅಕ್ಕಂದಿರು, ಅತ್ತೆ ಸೊಸೆಯರು ಒಂದು ದಿನ ಡಬ್ಬಿಯಿಂದ ಚೀಟಿ ಎತ್ತಿ ರಾವಂದೂರಿನ ಬಸ್ ಹತ್ತಲಿ. ಬುತ್ತಿ ಕಟ್ಟಿಕೊಳ್ಳಲಿ. ಇಳಿಯುವ ಮುನ್ನ ವಾಪಸ್ ಬರುವ ಕೊನೆಯ ಬಸ್ ಎಷ್ಟಕ್ಕೆಂದು ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಲಿ. ಹೋಬಳಿ ಊರುಗಳಿಂದ ಕತ್ತಲಾದ ಮೇಲೆ ಬಸ್ಸು ಕಡಿಮೆ.